ಐಎನ್‌ಎಸ್ ಮೈಸೂರು ಆಗುವ ಮುಂಚಿನ ಎಚ್‌ಎಂಎಸ್ ನೈಜೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಐಎನ್‌ಎಸ್ ಮೈಸೂರು ಅಂದ ಕೂಡಲೇ 1961ರ ಗೋವಾ ಕಾರ್ಯಾಚರಣೆ, 1971ರ ಯುದ್ಧ ನೆನಪಿಗೆ ಬರುತ್ತವೆ. ಆದರೆ ಭಾರತದ ನೌಕಾಪಡೆಯಲ್ಲಿ ಆ ಹೆಸರಿನ ಮೊದಲ ಹಡಗು ನಮ್ಮ ಕೈಗೆ ಬರುವ ಮುಂಚೆ ಎಚ್‌ಎಂಎಸ್ ನೈಜೀರಿಯಾ ಎಂಬ ಬ್ರಿಟಿಷ್ ಲೈಟ್ ಕ್ರೂಸರ್ ಆಗಿತ್ತು, ಎರಡನೇ ಮಹಾಯುದ್ಧವನ್ನು ಕಂಡಿತ್ತು. ಉತ್ತರ ಧ್ರುವದ ಹಿಮದಲ್ಲಿ ತಿರುಗಿತ್ತು, ಮೆಡಿಟರೇನಿಯನ್‌ನಲ್ಲಿ ಟಾರ್ಪೆಡೊ ತಿಂದಿತ್ತು, 52 ಜನರನ್ನು ಕಳೆದುಕೊಂಡಿತ್ತು. ಆ ಅರ್ಧದ ಕತೆ ಕನ್ನಡದಲ್ಲಿ ಸಿಗುವುದು ಕಡಿಮೆ. ಹಾಗಾಗಿ ಇಲ್ಲಿ ಜಾಸ್ತಿ ಜಾಗ ಅದಕ್ಕೇ.

ಈ ಹಡಗನ್ನು ಎಲ್ಲಿ, ಯಾವಾಗ ಕಟ್ಟಿದರು?

ಇಂಗ್ಲೆಂಡಿನ ನ್ಯೂಕಾಸಲ್ ಹತ್ತಿರ, ಟೈನ್ ನದಿಯ ದಡದ ವಾಕರ್ ಎಂಬಲ್ಲಿ. ಕಟ್ಟಿದ್ದು ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಂಪನಿ. 1938ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು, 1939ರ ಜುಲೈ 18ಕ್ಕೆ ನೀರಿಗಿಳಿಯಿತು. ಅದಾಗಿ ಆರೇಳು ವಾರಕ್ಕೆ ಯುದ್ಧ ಶುರು. 1940ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಸೇರಿತು. ಆಗ ಬ್ರಿಟನ್ನಿನ ವಸಾಹತುಗಳಾಗಿದ್ದ ನಾಡುಗಳ ಹೆಸರನ್ನೇ ಈ ಸಾಲಿನ ಹಡಗುಗಳಿಗೆ ಇಟ್ಟಿದ್ದರು: ಫಿಜಿ, ಕೆನ್ಯಾ, ಮಾರಿಷಸ್, ಗ್ಯಾಂಬಿಯಾ, ಜಮೈಕಾ, ಸಿಲೋನ್ ಹೀಗೆ. ಒಟ್ಟು 11 ಹಡಗು. ಎರಡು ಯುದ್ಧದಲ್ಲೇ ಹೋದವು. ಫಿಜಿ 1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಹತ್ತಿರ, ಟ್ರಿನಿಡಾಡ್ 1942ರ ಮೇ ತಿಂಗಳಲ್ಲಿ ಆರ್ಕ್ಟಿಕ್‌ನಲ್ಲಿ.

ಲೈಟ್ ಕ್ರೂಸರ್ ಅಂದರೆ ಚಿಕ್ಕ ಹಡಗು ಅಂತಾನಾ?

ಇಲ್ಲ. ಕ್ರೂಸರ್ ಅಂದರೆ ದೊಡ್ಡ ಯುದ್ಧನೌಕೆಗಿಂತ ಚಿಕ್ಕದು, ಡೆಸ್ಟ್ರಾಯರ್‌ಗಿಂತ ದೊಡ್ಡದು. ಇಲ್ಲಿ ಲೈಟ್ ಅನ್ನುವುದು ಫಿರಂಗಿಯ ಲೆಕ್ಕ. 1930ರ ಲಂಡನ್ ನೌಕಾ ಒಪ್ಪಂದದ ಪ್ರಕಾರ 6.1 ಇಂಚಿಗಿಂತ ದೊಡ್ಡ ಬಾಯಿಯ ಫಿರಂಗಿ ಇದ್ದರೆ ಹೆವಿ ಕ್ರೂಸರ್, ಅದರೊಳಗೆ ಇದ್ದರೆ ಲೈಟ್. ನೈಜೀರಿಯಾದಲ್ಲಿ ಇದ್ದದ್ದು 6 ಇಂಚಿನ 12 ಫಿರಂಗಿ, ಒಂದೊಂದು ಟರೆಟ್‌ನಲ್ಲಿ (ಫಿರಂಗಿ ಕೂರಿಸಿದ, ತಿರುಗುವ ಗೂಡು) ಮೂರರಂತೆ ನಾಲ್ಕು ಟರೆಟ್. ಒಂದೊಂದು ಗುಂಡಿನ ತೂಕ ಸುಮಾರು 51 ಕೆಜಿ, ಅಂದರೆ ಒಂದು ಅಕ್ಕಿ ಮೂಟೆ ಭಾರ. ಅಂಥದ್ದನ್ನು 20 ಕಿಲೋಮೀಟರ್‌ಗಿಂತ ದೂರ ಎಸೆಯುತ್ತಿತ್ತು. ಹಡಗಿನ ಉದ್ದ 169 ಮೀಟರ್. ಯುದ್ಧಕಾಲದಲ್ಲಿ ಒಳಗೆ 900ರ ಆಸುಪಾಸು ಜನ.

1936ರ ಇನ್ನೊಂದು ಒಪ್ಪಂದದಲ್ಲಿ ಇಂಥ ಹಡಗು 8,000 ಟನ್ ಮೀರಬಾರದು ಅಂತ ಕಟ್ಟುಪಾಡು ಬಂತು. ಅಷ್ಟರೊಳಗೆ 12 ಫಿರಂಗಿ ಕೂರಿಸಬೇಕು ಅಂತ ಹಟಕ್ಕೆ ಬಿದ್ದು ಕಟ್ಟಿದ್ದರಿಂದ ಒಳಗೆ ಜಾಗ ತುಂಬಾ ಇಕ್ಕಟ್ಟು. ಯುದ್ಧ ನಡೆಯುತ್ತಾ ರಾಡಾರ್, ವಿಮಾನ ಹೊಡೆಯುವ ಸಣ್ಣ ಫಿರಂಗಿ, ಅವನ್ನು ನಡೆಸುವ ಜನ ಅಂತ ಸೇರುತ್ತಾ ಹೋದ ಹಾಗೆ ನಾವಿಕರು ಮಲಗುವುದಕ್ಕೂ ಒದ್ದಾಡಬೇಕಾಯಿತು.

ಜರ್ಮನ್ನರ ಗುಪ್ತ ಸಂಕೇತದ ಕಾಗದ ಹಿಡಿದು ತಂದದ್ದು ಇದೇ ಹಡಗಾ?

ಹೌದು, ನಾಲ್ಕು ಹಡಗುಗಳ ಗುಂಪು ಅದು. ನೈಜೀರಿಯಾ, ಜೊತೆಗೆ ಬೆಡೊಯಿನ್, ಟಾರ್ಟರ್, ಜುಪಿಟರ್ ಎಂಬ ಡೆಸ್ಟ್ರಾಯರ್‌ಗಳು, ಅಂದರೆ ಚಿಕ್ಕ, ವೇಗದ ಯುದ್ಧ ಹಡಗುಗಳು. ನನ್ನ ಮಟ್ಟಿಗೆ ಈ ಹಡಗಿನ ಇಡೀ ಯುದ್ಧದಲ್ಲಿ ಅತಿ ದೊಡ್ಡ ಕೆಲಸ ಇದು.

ಜರ್ಮನಿಯ ನೌಕಾಪಡೆ ತನ್ನ ಸಂದೇಶಗಳನ್ನು ಎನಿಗ್ಮಾ ಯಂತ್ರದಿಂದ ಗುಪ್ತವಾಗಿಸಿ ಕಳಿಸುತ್ತಿತ್ತು. ಯಂತ್ರವನ್ನು ದಿನಾ ಹೇಗೆ ಜೋಡಿಸಬೇಕು ಅನ್ನುವುದಕ್ಕೆ ತಿಂಗಳಿಗೊಂದು ಪಟ್ಟಿ. ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಇದನ್ನು ಒಡೆಯಲು ಕೂತವರಲ್ಲಿ ಹ್ಯಾರಿ ಹಿನ್ಸ್ಲಿ ಅಂತ ಒಬ್ಬ, ಆಗಿನ್ನೂ 22 ವರ್ಷದ ಹುಡುಗ. ಅವನಿಗೆ ಒಂದು ವಿಷಯ ಹೊಳೆಯಿತು. ಹವಾಮಾನ ವರದಿ ಕಳಿಸುವುದಕ್ಕೆ ಅಂತ ಜರ್ಮನ್ನರು ಐಸ್‌ಲ್ಯಾಂಡಿನ ಉತ್ತರಕ್ಕೆ ಪುಟ್ಟ ಮೀನು ಹಡಗುಗಳನ್ನು ಒಂಟಿಯಾಗಿ ನಿಲ್ಲಿಸಿದ್ದಾರೆ. ಅವು ಬಂದರಿಗೆ ವಾಪಸ್ ಹೋಗುವುದೇ ಅಪರೂಪ, ಹಾಗಾಗಿ ಮುಂದಿನ ತಿಂಗಳ ಪಟ್ಟಿಯೂ ಹಡಗಿನ ತಿಜೋರಿಯಲ್ಲೇ ಇರಬೇಕು. ದಿಢೀರನೆ ಮೇಲೆ ಬಿದ್ದರೆ ಯಂತ್ರವನ್ನೂ ಈ ತಿಂಗಳ ಪಟ್ಟಿಯನ್ನೂ ಸಮುದ್ರಕ್ಕೆ ಎಸೆದಾರು, ತಿಜೋರಿ ತೆಗೆಯುವಷ್ಟು ಪುರುಸೊತ್ತು ಎಲ್ಲಿ ಸಿಗುತ್ತೆ?

1941ರ ಮೇ ತಿಂಗಳಲ್ಲಿ ಮ್ಯೂನ್ಶೆನ್ ಎಂಬ ಹಡಗಿನ ಮೇಲೆ ಬೇರೆ ಕ್ರೂಸರ್‌ಗಳು ಇದನ್ನು ಮಾಡಿ ಗೆದ್ದವು. ಜೂನ್ 28ಕ್ಕೆ ನೈಜೀರಿಯಾದ ಸರದಿ. ಯಾನ್ ಮಾಯೆನ್ ದ್ವೀಪದ ಈಶಾನ್ಯಕ್ಕೆ, ದಟ್ಟ ಮಂಜಿನಲ್ಲಿ, ರೇಡಿಯೊ ಅಲೆಯ ದಿಕ್ಕು ಹಿಡಿದು ಲಾವೆನ್‌ಬರ್ಗ್ ಎಂಬ ಹಡಗನ್ನು ಪತ್ತೆ ಮಾಡಿದರು. ಗುಂಡು ಹಾರಿಸಿದ್ದು ಮುಳುಗಿಸುವುದಕ್ಕಲ್ಲ, ಹೆದರಿಸುವುದಕ್ಕೆ. ಜರ್ಮನ್ ನಾವಿಕರು ದೋಣಿಗಿಳಿದರು. ಟಾರ್ಟರ್‌ನ ಜನ ಹಡಗು ಹತ್ತಿ, ಬ್ಲೆಚ್ಲಿಯಿಂದ ಇದಕ್ಕೇ ಅಂತ ಬಂದಿದ್ದ ಅಧಿಕಾರಿ ಆಲನ್ ಬೇಕನ್ ಜೊತೆ ಕಾಗದಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಹುಡುಕಿದರು. ಜುಲೈ ತಿಂಗಳ ಪಟ್ಟಿ ಸಿಕ್ಕಿತು. ಆಮೇಲೆ ಸುಳಿವು ಉಳಿಯಬಾರದು ಅಂತ ಹಡಗನ್ನು ಮುಳುಗಿಸಿಬಿಟ್ಟರು. ಆ ಜುಲೈಯಲ್ಲಿ ಜರ್ಮನ್ ನೌಕಾಪಡೆಯ ಸಂದೇಶಗಳನ್ನು ಬ್ಲೆಚ್ಲಿ ಹೆಚ್ಚು ತಡವಿಲ್ಲದೆ ಓದಿತು. ಸಬ್‌ಮರೀನ್‌ಗಳು ಎಲ್ಲಿ ಕಾದು ಕೂತಿವೆ ಅಂತ ಮೊದಲೇ ತಿಳಿದರೆ ಸರಕು ಹಡಗುಗಳನ್ನು ಸುತ್ತಿಬಳಸಿ ಕಳಿಸಬಹುದು. ಹೀಗೆ ಉಳಿದ ಜೀವಗಳಿಗೆ ಲೆಕ್ಕ ಇಟ್ಟವರಿಲ್ಲ.

ಸ್ಪಿಟ್ಸ್‌ಬರ್ಗನ್ ಅಂಥ ಹಿಮದ ದ್ವೀಪಕ್ಕೆ ಯಾಕೆ ಹೋಯಿತು?

ಕಲ್ಲಿದ್ದಲಿಗೆ. ಹಿಟ್ಲರ್ 1941ರ ಜೂನ್‌ನಲ್ಲಿ ರಷ್ಯಾದ ಮೇಲೆ ಬಿದ್ದ ಮೇಲೆ ಈ ನಾರ್ವೇಜಿಯನ್ ದ್ವೀಪದ ಗಣಿಗಳು ಜರ್ಮನ್ನರ ಕೈಗೆ ಹೋಗಬಾರದು ಅಂತ ತೀರ್ಮಾನವಾಯಿತು. ಆಗಸ್ಟ್‌ನಲ್ಲಿ ರಿಯರ್ ಅಡ್ಮಿರಲ್ ಫಿಲಿಪ್ ವಿಯನ್ ನೈಜೀರಿಯಾದಲ್ಲಿ ತಮ್ಮ ಬಾವುಟ ಹಾರಿಸಿಕೊಂಡು, ಅರೋರಾ ಎಂಬ ಇನ್ನೊಂದು ಕ್ರೂಸರ್ ಮತ್ತು ಕೆನಡಾದ ಸೈನಿಕರಿದ್ದ ಎಂಪ್ರೆಸ್ ಆಫ್ ಕೆನಡಾ ಹಡಗಿನ ಜೊತೆ ಹೊರಟರು. ಅಲ್ಲಿದ್ದ ಸುಮಾರು 2,000 ರಷ್ಯನ್ ಗಣಿ ಕೆಲಸಗಾರರನ್ನೂ ಅವರ ಹೆಂಡತಿ ಮಕ್ಕಳನ್ನೂ ಅರ್ಖಾಂಗೆಲ್ಸ್ಕ್‌ಗೆ ಮುಟ್ಟಿಸಿದರು, ನಾರ್ವೆಯವರನ್ನು ಬ್ರಿಟನ್‌ಗೆ ಕರೆತಂದರು, ಕಲ್ಲಿದ್ದಲ ರಾಶಿಗೆ ಬೆಂಕಿ ಇಟ್ಟರು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಇಷ್ಟೆಲ್ಲ ನಡೆಯುವಾಗ ಅಲ್ಲಿನ ರೇಡಿಯೊ ಕೇಂದ್ರ ದಿನವೂ ಎಂದಿನಂತೆ ಹವಾಮಾನ ವರದಿ ಕಳಿಸುತ್ತಲೇ ಇತ್ತು. ಇಲ್ಲದ ಮಂಜನ್ನು ಇದೆ ಅಂತ ಹೇಳುತ್ತಿತ್ತು, ಜರ್ಮನ್ ವಿಮಾನಗಳು ಆ ಕಡೆ ತಲೆ ಹಾಕದಿರಲಿ ಅಂತ. ಅವು ಬರಲೂ ಇಲ್ಲ.

ಬ್ರೆಮ್ಸೆ ಎಂಬ ಜರ್ಮನ್ ಹಡಗನ್ನು ಗುದ್ದಿಯೇ ಮುಳುಗಿಸಿತಂತೆ, ಹೌದಾ?

ಮುಳುಗಿಸಿದ್ದು ನಿಜ. ಗುದ್ದಿದ್ದು ಅನುಮಾನ. ಸ್ಪಿಟ್ಸ್‌ಬರ್ಗನ್‌ನಿಂದ ವಾಪಸ್ ಬರುವಾಗ, 1941ರ ಸೆಪ್ಟೆಂಬರ್ 7ರ ಮುಂಜಾನೆ, ನಾರ್ವೆಯ ಉತ್ತರ ತುದಿಯಲ್ಲಿ ಜರ್ಮನ್ ಸೈನಿಕರನ್ನು ಹೊತ್ತ ಎರಡು ಹಡಗುಗಳ ಗುಂಪು ಎದುರಾಯಿತು. ಅವಕ್ಕೆ ಕಾವಲಾಗಿದ್ದದ್ದು ಬ್ರೆಮ್ಸೆ, ಫಿರಂಗಿ ತರಬೇತಿಗೆಂದು ಕಟ್ಟಿದ ಹಡಗು. ಹವಾಮಾನ ಕೆಟ್ಟಿತ್ತು, ಕಣ್ಣಿಗೆ ಏನೂ ಸರಿಯಾಗಿ ಕಾಣದು. ಎರಡು ಕ್ರೂಸರ್‌ಗಳ ಎದುರು ನಿಂತು ಹೊಡೆದಾಡಿ ಬ್ರೆಮ್ಸೆ ಮುಳುಗಿತು. ಆ ಹೊತ್ತಿನಲ್ಲಿ ಸೈನಿಕರಿದ್ದ ಹಡಗುಗಳು ಫಿಯಾರ್ಡ್ ಎಂಬ ಕಿರಿದಾದ ಕಡಲ ಕೊರಕಲಿನೊಳಗೆ ನುಸುಳಿ ತಪ್ಪಿಸಿಕೊಂಡವು. ಶತ್ರುವಿನ ಹಡಗಾದರೂ ಬ್ರೆಮ್ಸೆ ತನ್ನ ಕೆಲಸ ಮಾಡಿ ಮುಗಿಸಿತು ಅನ್ನಲೇಬೇಕು.

ನೈಜೀರಿಯಾದ ಮೂತಿ ಮಾತ್ರ ಚೆನ್ನಾಗಿ ಜಜ್ಜಿಹೋಗಿತ್ತು. ಕತ್ತಲಲ್ಲಿ ಯಾವುದೋ ಹಡಗಿಗೆ ಗುದ್ದಿದೆವು ಅಂತ ಮೊದಲು ಅಂದುಕೊಂಡರು. ನೀರಿನಲ್ಲಿಟ್ಟ ಸ್ಫೋಟಕ ಮೈನ್ ಸಿಡಿದಿರಬೇಕು ಅನ್ನುವುದು ಆಮೇಲಿನ ಅಂದಾಜು. ಹಾಗಿದ್ದೂ ಸ್ವಂತ ಬಲದ ಮೇಲೆ ಊರು ಸೇರಿತು.

ಪಿಕ್ಯೂ 17 ದುರಂತದಲ್ಲಿ ನೈಜೀರಿಯಾ ಇತ್ತಾ?

ಇತ್ತು, ಆದರೆ ದೂರದಲ್ಲಿ. ರಷ್ಯಾಕ್ಕೆ ಟ್ಯಾಂಕು, ವಿಮಾನ, ಮದ್ದುಗುಂಡು ಸಾಗಿಸುತ್ತಿದ್ದ ಸರಕು ಹಡಗುಗಳ ಸಾಲಿಗೆ (ಇದಕ್ಕೆ ಕಾನ್ವಾಯ್ ಅನ್ನುತ್ತಾರೆ, ಪಿಕ್ಯೂ 17 ಅಂಥದ್ದೊಂದು) ಹತ್ತಿರದಲ್ಲಿ ಡೆಸ್ಟ್ರಾಯರ್‌ಗಳ ಕಾವಲು, ಸ್ವಲ್ಪ ಆಚೆ ಕ್ರೂಸರ್‌ಗಳು, ಇನ್ನೂ ದೂರದಲ್ಲಿ ದೊಡ್ಡ ಯುದ್ಧನೌಕೆಗಳು. 1942ರ ಮೇ ತಿಂಗಳ ಪಿಕ್ಯೂ 16ರಲ್ಲಿ ನೈಜೀರಿಯಾ ಎರಡನೇ ಸಾಲಿನಲ್ಲಿತ್ತು, ರಿಯರ್ ಅಡ್ಮಿರಲ್ ಹೆರಾಲ್ಡ್ ಬರೋ ಅದರ ಮೇಲಿದ್ದರು. ಜುಲೈಯ ಪಿಕ್ಯೂ 17ರ ಹೊತ್ತಿಗೆ ಮೂರನೇ ಸಾಲಿನಲ್ಲಿ, ಡ್ಯೂಕ್ ಆಫ್ ಯಾರ್ಕ್ ಯುದ್ಧನೌಕೆಯ ಜೊತೆ. ಟಿರ್ಪಿಟ್ಸ್ ಎಂಬ ಜರ್ಮನ್ ದೈತ್ಯ ಯುದ್ಧನೌಕೆ ಹೊರಬಿದ್ದಿದೆ ಅನ್ನುವ ಭಯಕ್ಕೆ ಜುಲೈ 4ರಂದು ಲಂಡನ್‌ನಿಂದ ಚದುರಿಹೋಗಿ ಅಂತ ಆಜ್ಞೆ ಬಂತು. ಒಂಟಿಯಾದ ಸರಕು ಹಡಗುಗಳನ್ನು ವಿಮಾನ, ಸಬ್‌ಮರೀನ್‌ಗಳು ಒಂದೊಂದಾಗಿ ಹೊಡೆದವು. 24 ಹಡಗು ಹೋದವು. ಆ ಆಜ್ಞೆ ತಪ್ಪು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನೈಜೀರಿಯಾದ ನಾವಿಕರ ಮೇಲೆ ಅದನ್ನು ಹೊರಿಸುವುದು ಅನ್ಯಾಯ. ಅವರು ನಿಂತಿದ್ದ ಜಾಗದಿಂದ ಏನೂ ಮಾಡುವಂತಿರಲಿಲ್ಲ.

ಮಾಲ್ಟಾಕ್ಕೆ ಹೋದ ಆಪರೇಷನ್ ಪೆಡೆಸ್ಟಲ್‌ನಲ್ಲಿ ಏನಾಯಿತು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1942ರ ಬೇಸಿಗೆಯಲ್ಲಿ ಮಾಲ್ಟಾ ದ್ವೀಪ ಉಪವಾಸ ಬೀಳುವ ಹಂತಕ್ಕೆ ಬಂದಿತ್ತು. ಇಟಲಿಯ ಪಕ್ಕದಲ್ಲೇ ಕೂತು ಆಫ್ರಿಕಾಕ್ಕೆ ಹೋಗುವ ಜರ್ಮನ್, ಇಟಾಲಿಯನ್ ಸರಕನ್ನು ಹೊಡೆಯುತ್ತಿದ್ದ ದ್ವೀಪ ಅದು. ಹಿಟ್ಟು ಮುಗಿಯುತ್ತಾ ಬಂದಿತ್ತು, ಎಣ್ಣೆ ಮುಗಿಯುತ್ತಾ ಬಂದಿತ್ತು. ಹಾಗಾಗಿ 14 ಸರಕು ಹಡಗುಗಳನ್ನು ಏನಾದರೂ ಮಾಡಿ ಮುಟ್ಟಿಸಲೇಬೇಕು ಅಂತ ಬ್ರಿಟನ್ ದೊಡ್ಡ ಪಡೆಯನ್ನೇ ಕಳಿಸಿತು. ಯುದ್ಧನೌಕೆ, ವಿಮಾನವಾಹಕಗಳು ಸಿಸಿಲಿಯ ಇಕ್ಕಟ್ಟಾದ ಜಲಸಂಧಿಯ ತನಕ ಬಂದು ವಾಪಸ್ ಹೋಗುವುದು, ಅಲ್ಲಿಂದ ಮುಂದೆ ಬರೋ ಅವರ ಕ್ರೂಸರ್‌ಗಳು ಮತ್ತು ಡೆಸ್ಟ್ರಾಯರ್‌ಗಳು ಮಾಲ್ಟಾದ ತನಕ ಕಾಯುವುದು, ಇದು ಯೋಜನೆ. ಕ್ರೂಸರ್‌ಗಳು ನಾಲ್ಕು: ನೈಜೀರಿಯಾ, ಕೆನ್ಯಾ, ಮ್ಯಾಂಚೆಸ್ಟರ್, ಕೈರೊ. ಬರೋ ಇದ್ದದ್ದು ನೈಜೀರಿಯಾದಲ್ಲಿ.

ಆಗಸ್ಟ್ 11ಕ್ಕೇ ಈಗಲ್ ಎಂಬ ವಿಮಾನವಾಹಕ ಜರ್ಮನ್ ಸಬ್‌ಮರೀನ್‌ನ ಟಾರ್ಪೆಡೊಗಳಿಗೆ ಬಲಿಯಾಯಿತು. 12ರ ಸಂಜೆ ದೊಡ್ಡ ಪಡೆ ಯೋಜನೆಯಂತೆ ಹಿಂದಿರುಗಿತು. ಸುಮಾರು ಒಂದು ಗಂಟೆ ಆಗಿರಬೇಕು. ಸರಕು ಹಡಗುಗಳು ನಾಲ್ಕು ಸಾಲಿನಿಂದ ಎರಡು ಸಾಲಿಗೆ ಬದಲಾಗುತ್ತಿದ್ದವು, ಮುಂದಿನ ದಾರಿ ಅಷ್ಟು ಕಿರಿದು. ಎಲ್ಲ ಹಡಗುಗಳೂ ತಿರುಗುತ್ತಾ, ಜಾಗ ಹುಡುಕುತ್ತಾ ಇರುವ ಆ ಗಳಿಗೆಯಲ್ಲೇ ಆಕ್ಸುಮ್ ಎಂಬ ಇಟಾಲಿಯನ್ ಸಬ್‌ಮರೀನ್ ನಾಲ್ಕು ಟಾರ್ಪೆಡೊ ಬಿಟ್ಟಿತು. ಅದರ ಕಮಾಂಡರ್ ರೆನಾಟೊ ಫೆರ್ರಿನಿ. ಒಂದೇ ಸಲದ ಹೊಡೆತಕ್ಕೆ ಮೂರು ಹಡಗು: ನೈಜೀರಿಯಾ, ಕೈರೊ ಮತ್ತು ಓಹಾಯೊ ಎಂಬ ಎಣ್ಣೆ ಟ್ಯಾಂಕರ್.

ನೈಜೀರಿಯಾದ ಹೊಟ್ಟೆಗೆ ನೀರು ನುಗ್ಗಿತು, ವಿದ್ಯುತ್ ಹೋಯಿತು, ಚುಕ್ಕಾಣಿ ಕೈಗೆ ಸಿಗದಾಯಿತು. ವಾಲಿಕೊಂಡು ಇದ್ದಲ್ಲೇ ಸುತ್ತು ಹಾಕತೊಡಗಿತು. 52 ಜನ ಸತ್ತರು. ಬರೋ ಅಶಾಂತಿ ಎಂಬ ಡೆಸ್ಟ್ರಾಯರ್‌ಗೆ ದಾಟಿಕೊಂಡು ಮಾಲ್ಟಾದ ಕಡೆ ಮುಂದುವರಿದರು. ಎದುರು ಬದಿಗೆ ನೀರು ತುಂಬಿಸಿ ವಾಲಿದ್ದನ್ನು ನೆಟ್ಟಗೆ ಮಾಡಿಕೊಂಡು, ಮೂರು ಡೆಸ್ಟ್ರಾಯರ್‌ಗಳ ಕಾವಲಿನಲ್ಲಿ ನೈಜೀರಿಯಾ ಜಿಬ್ರಾಲ್ಟರ್‌ಗೆ ತಿರುಗಿತು. ಶತ್ರು ವಿಮಾನ, ಸಬ್‌ಮರೀನ್ ಎರಡೂ ಇರುವ ನೀರಿನಲ್ಲಿ, ಅಷ್ಟು ದೊಡ್ಡ ತೂತು ಇಟ್ಟುಕೊಂಡು ಬಂದರು ಸೇರಿತು ಅಂದರೆ ಕೆಳಗಿನ ಎಂಜಿನ್ ರೂಮಿನಲ್ಲಿ ನಿಂತವರಿಗೆ ನಾವು ಕೈಮುಗಿಯಬೇಕು.

ನೈಜೀರಿಯಾ ಹೋಗಿದ್ದರಿಂದ ಕಾನ್ವಾಯ್‌ಗೆ ಅಷ್ಟೊಂದು ಪೆಟ್ಟು ಬಿತ್ತಾ?

ಬಿತ್ತು. ಮಾಲ್ಟಾದಿಂದ ಬರುತ್ತಿದ್ದ ಬ್ಯೂಫೈಟರ್ ವಿಮಾನಗಳಿಗೆ ರೇಡಿಯೊದಲ್ಲಿ ದಾರಿ ಹೇಳುವ ಸಲಕರಣೆ ಇದ್ದದ್ದೇ ನೈಜೀರಿಯಾ ಮತ್ತು ಕೈರೊದಲ್ಲಿ. ಎರಡೂ ಒಟ್ಟಿಗೆ ಹೋದವು. ವಿಮಾನಗಳು ತಲೆಯ ಮೇಲೇ ಇದ್ದರೂ ಅವಕ್ಕೆ ಶತ್ರು ಎಲ್ಲಿದ್ದಾನೆ ಅಂತ ಹೇಳುವವರು ಇಲ್ಲ. ಆ ಕತ್ತಲು ಬೀಳುವ ಹೊತ್ತಿನ ದಾಳಿಯಲ್ಲಿ ಎಂಪೈರ್ ಹೋಪ್, ಕ್ಲಾನ್ ಫರ್ಗುಸನ್ ಹೋದವು. ಕೆನ್ಯಾದ ಮೂತಿಗೆ ಇನ್ನೊಂದು ಸಬ್‌ಮರೀನ್‌ನ ಟಾರ್ಪೆಡೊ. ರಾತ್ರಿ ಇಟಲಿಯ ಟಾರ್ಪೆಡೊ ದೋಣಿಗಳು ಮ್ಯಾಂಚೆಸ್ಟರ್‌ಗೆ ಹೊಡೆದವು, ಅದನ್ನು ಅದರ ಜನರೇ ಮುಳುಗಿಸಬೇಕಾಯಿತು.

ಕೊನೆಗೆ ಮಾಲ್ಟಾ ಮುಟ್ಟಿದ್ದು 14ರಲ್ಲಿ 5. ಐದನೆಯದು ಓಹಾಯೊ. ಎಂಜಿನ್ ಸತ್ತು, ನೀರಿನ ಮಟ್ಟಕ್ಕೆ ಕುಸಿದು, ಡೆಸ್ಟ್ರಾಯರ್‌ಗಳ ಮಧ್ಯೆ ಕಟ್ಟಿಸಿಕೊಂಡು ಆಗಸ್ಟ್ 15ಕ್ಕೆ ಒಳಗೆ ಬಂತು. ಅವತ್ತು ಮಾಲ್ಟಾದವರ ಸಾಂತಾ ಮರಿಯಾ ಹಬ್ಬ. ಇವತ್ತಿಗೂ ಅಲ್ಲಿಯ ಜನ ಅದನ್ನು ಸಾಂತಾ ಮರಿಯಾ ಕಾನ್ವಾಯ್ ಅಂತಲೇ ಕರೆಯುತ್ತಾರೆ. ಮಾಲ್ಟಾ ಉಳಿಯಿತು.

ಆಮೇಲೆ ಹಡಗು ಸರಿಯಾಯಿತಾ?

ಆಯಿತು, ಆದರೆ ಬ್ರಿಟನ್‌ನಲ್ಲಿ ಅಲ್ಲ. ಅಟ್ಲಾಂಟಿಕ್ ದಾಟಿ ಅಮೆರಿಕದ ಚಾರ್ಲ್ಸ್‌ಟನ್‌ಗೆ ಹೋಯಿತು. ರಿಪೇರಿಗೆ ಸುಮಾರು 9 ತಿಂಗಳು ಹಿಡಿಯಿತು.

ಹಿಂದೂ ಮಹಾಸಾಗರದಲ್ಲೂ ಯುದ್ಧ ಮಾಡಿತ್ತಾ?

ಮಾಡಿತ್ತು. 1944ರಲ್ಲಿ ಈಸ್ಟರ್ನ್ ಫ್ಲೀಟ್ ಸೇರಿ, ಶ್ರೀಲಂಕಾದ ಟ್ರಿಂಕೊಮಲಿಯಿಂದ ಓಡಾಡಿತು. ಸುಮಾತ್ರಾದ ತುದಿಯ ಸಬಾಂಗ್ ಬಂದರಿನಲ್ಲಿ ಆಗ ಜಪಾನೀಯರಿದ್ದರು. ಏಪ್ರಿಲ್‌ನಲ್ಲಿ ವಿಮಾನವಾಹಕಗಳು ಅದರ ಮೇಲೆ ದಾಳಿ ಮಾಡಿದಾಗ ನೈಜೀರಿಯಾ ಕಾವಲಿಗಿತ್ತು. ಜುಲೈ 25ರ ದಾಳಿಯಲ್ಲಿ ಯುದ್ಧನೌಕೆಗಳ ಜೊತೆ ತಾನೂ ಬಂದರಿಗೆ ಗುಂಡು ಹಾರಿಸಿತು. 1945ರ ಜನವರಿಯಲ್ಲಿ ಬರ್ಮಾ ಕರಾವಳಿಯ ಚೆಡುಬಾ ದ್ವೀಪಕ್ಕೆ ರಾಯಲ್ ಮರೀನ್‌ಗಳು ಇಳಿದಾಗಲೂ ಜೊತೆಗಿತ್ತು. ಆ ಸಮುದ್ರದಲ್ಲಿ ಈ ಹಡಗಿಗೆ ದೊಡ್ಡ ಕದನ ಒದಗಲಿಲ್ಲ.

ಭಾರತ ಇಷ್ಟು ಹಳೆಯ, ಪೆಟ್ಟು ತಿಂದ ಹಡಗನ್ನು ಯಾಕೆ ಕೊಂಡುಕೊಂಡಿತು?

ಯುದ್ಧದ ನಂತರ ನೈಜೀರಿಯಾ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಕೆಲಸ ಮಾಡಿ ಆಮೇಲೆ ಸುಮ್ನೆ ನಿಂತಿತ್ತು. ಹೊಸ ಕ್ರೂಸರ್ ಕಟ್ಟಿಸುವಷ್ಟು ದುಡ್ಡು ಆಗ ನಮ್ಮ ದೇಶದ ಹತ್ತಿರ ಇರಲಿಲ್ಲ. ಅಷ್ಟೊತ್ತಿಗೆ ಐಎನ್‌ಎಸ್ ಡೆಲ್ಲಿ ಅಂತ ಒಂದೇ ಕ್ರೂಸರ್ ಇತ್ತು, ಅದೂ ಬ್ರಿಟನ್ನಿನ ಹಳೆಯ ಅಕಿಲೀಸ್ ಹಡಗು. 1954ರಲ್ಲಿ 3 ಲಕ್ಷ ಪೌಂಡ್‌ಗೆ ನೈಜೀರಿಯಾದ ವ್ಯಾಪಾರ ಮುಗಿಯಿತು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಪೂರ್ತಿ ಬಿಚ್ಚಿ ಜೋಡಿಸಿದರು, ಕಂಬಗಳು ಹೊಸದಾದವು. ನಮಗೆ ಬಂದಾಗ ಇದ್ದದ್ದು ಮೂರು ಟರೆಟ್, 9 ಫಿರಂಗಿ. 1957ರ ಆಗಸ್ಟ್ 29ಕ್ಕೆ ಐಎನ್‌ಎಸ್ ಮೈಸೂರು ಆಯಿತು. ಮೊದಲ ಕ್ಯಾಪ್ಟನ್ ಎಸ್. ಎಂ. ನಂದಾ, 1971ರ ಯುದ್ಧದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದವರು ಅವರೇ.

ಕೊಂಡದ್ದು ಸರಿಯೇ ಅಂತ ನನ್ನ ಅಭಿಪ್ರಾಯ. ಒಂದು ತಲೆಮಾರಿನ ನಾವಿಕರು ದೊಡ್ಡ ಹಡಗು ನಡೆಸುವುದನ್ನು ಇದರ ಮೇಲೆ ಕಲಿತರು.

ಮೈಸೂರು ಅಂತ ಹೆಸರಿಟ್ಟದ್ದು ಊರಿಗಾ, ರಾಜ್ಯಕ್ಕಾ?

1957ರಲ್ಲಿ ನಮ್ಮ ರಾಜ್ಯದ ಹೆಸರೇ ಮೈಸೂರು. ಕರ್ನಾಟಕ ಆದದ್ದು 1973ಕ್ಕೆ. ಹಡಗಿನ ಲಾಂಛನದಲ್ಲಿ ಗಂಡಭೇರುಂಡ ಇದೆ. ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನ ‘ನ ಬಿಭೇತಿ ಕದಾಚನ’, ಅಂದರೆ ಎಂದಿಗೂ ಅಂಜುವುದಿಲ್ಲ.

ಕಾರವಾರದ ಹತ್ತಿರದ ಅಂಜುದೀವ್ ದ್ವೀಪಕ್ಕೂ ಇದಕ್ಕೂ ಏನು ಸಂಬಂಧ?

ಕಾರವಾರದ ದಡದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರದ ಆ ದ್ವೀಪ ಪೋರ್ಚುಗೀಸರದ್ದಾಗಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ, ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿತು. ಡಿಸೆಂಬರ್ 18ಕ್ಕೆ ಮೈಸೂರು ಮತ್ತು ತ್ರಿಶೂಲ್ ಅಲ್ಲಿಗೆ ಹೋದವು. ನಮ್ಮ ನಾವಿಕರು ದೋಣಿಯಲ್ಲಿ ದಡಕ್ಕೆ ಇಳಿಯುವಾಗ ಬಿಳಿ ಬಾವುಟ ಕಾಣಿಸಿತು, ಹತ್ತಿರ ಹೋದ ಮೇಲೆ ಗುಂಡಿನ ಸುರಿಮಳೆ. ನೌಕಾಪಡೆಯ 7 ಮಂದಿ ಸತ್ತರು. ಹಡಗುಗಳು ಫಿರಂಗಿಯಿಂದ ಉತ್ತರ ಕೊಟ್ಟ ಮೇಲೆ ದ್ವೀಪ ಕೈಗೆ ಬಂತು. ಈಗ ಆ ದ್ವೀಪ ಕದಂಬ ನೌಕಾನೆಲೆಯ ಅಲೆತಡೆ ಗೋಡೆಗೆ ಸೇರಿಕೊಂಡಿದೆ.

ನಾನಾವತಿ ಪ್ರಕರಣದ ನಾನಾವತಿ ಇದೇ ಹಡಗಿನವರಾ?

ಹೌದು. 1959ರಲ್ಲಿ ಕಮಾಂಡರ್ ಕೆ. ಎಂ. ನಾನಾವತಿ ಮೈಸೂರು ಹಡಗಿನ ಎರಡನೇ ಅಧಿಕಾರಿ. ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ಆ ಪ್ರಕರಣಕ್ಕೂ ಹಡಗಿನ ಇತಿಹಾಸಕ್ಕೂ ಅಷ್ಟೇ ನಂಟು.

1971ರಲ್ಲಿ ಮೈಸೂರು ಎಲ್ಲಿತ್ತು?

ಅರಬ್ಬೀ ಸಮುದ್ರದಲ್ಲಿ. ಪಶ್ಚಿಮ ಪಡೆಯ ಮುಖ್ಯ ಹಡಗು ಅದೇ, ರಿಯರ್ ಅಡ್ಮಿರಲ್ ಕುರುವಿಲ್ಲಾ ಅದರ ಮೇಲಿದ್ದರು. ಕರಾಚಿಗೆ ಬೆಂಕಿ ಹಚ್ಚಿದ್ದು ಕ್ಷಿಪಣಿ ದೋಣಿಗಳು, ಮೈಸೂರಿನ ಫಿರಂಗಿಗಳಲ್ಲ. ಇದನ್ನು ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ.

ಈಗಿನ ಐಎನ್‌ಎಸ್ ಮೈಸೂರು ಅದೇ ಹಡಗಾ? ಹಳೆಯದನ್ನು ನೋಡಲು ಆಗುತ್ತಾ?

ಅಲ್ಲ. ಹಳೆಯದು 1985ರ ಆಗಸ್ಟ್ 20ಕ್ಕೆ ನಿವೃತ್ತಿಯಾಗಿ ಗುಜರಿಗೆ ಹೋಯಿತು. ಕಟ್ಟಿ ನೀರಿಗಿಳಿಸಿ 46 ವರ್ಷ ಆಗಿತ್ತು. ಈಗಿನದು ಮುಂಬೈಯಲ್ಲಿ ಕಟ್ಟಿದ ಡೆಸ್ಟ್ರಾಯರ್, 1999ರ ಜೂನ್ 2ಕ್ಕೆ ಸೇರಿದ್ದು. ಹಡಗಿನ ಮೈಮೇಲೆ ಬರೆದ ಸಂಖ್ಯೆ ನೋಡಿ: ನೈಜೀರಿಯಾ 60, ಹಳೆಯ ಮೈಸೂರು ಸಿ60, ಹೊಸದು ಡಿ60.

ಈ ಕಾಲದ ಕ್ರೂಸರ್ ಒಳಗೆ ಹೇಗಿರುತ್ತಿತ್ತು ಅಂತ ನೋಡುವ ಆಸೆ ಇದ್ದರೆ ಲಂಡನ್‌ಗೆ ಹೋದಾಗ ಟವರ್ ಬ್ರಿಡ್ಜ್ ಹತ್ತಿರ ಥೇಮ್ಸ್ ನದಿಯಲ್ಲಿ ನಿಂತಿರುವ ಎಚ್‌ಎಂಎಸ್ ಬೆಲ್‌ಫಾಸ್ಟ್ ಹತ್ತಿ. ಅದು ನೈಜೀರಿಯಾಕ್ಕಿಂತ ಸ್ವಲ್ಪ ದೊಡ್ಡದು, ಸಾಲು ಬೇರೆ. ಆದರೆ ಅದೇ ಕಾಲದ್ದು, ಫಿರಂಗಿಗಳೂ ಅದೇ 6 ಇಂಚಿನ 12. ಟರೆಟ್ ನೋಡಿ ಅಲ್ಲಿಗೇ ಮುಗಿಸಬೇಡಿ, ಏಣಿ ಇಳಿದು ಬಾಯ್ಲರ್ ರೂಮಿನ ತನಕ ಹೋಗಿ. ಟಾರ್ಪೆಡೊ ಬಿದ್ದಾಗ ಅಷ್ಟು ಕೆಳಗಿದ್ದವರಿಗೆ ಮೇಲೆ ಬರಲು ಎಷ್ಟು ಏಣಿ ಹತ್ತಬೇಕಿತ್ತು ಅಂತ ಅಲ್ಲಿ ನಿಂತರೆ ತಿಳಿಯುತ್ತೆ.